ಬಾಂಬು ಬೀಳಲೆಂದೇ ಕಟ್ಟಿದ ಊರುಗಳು: ಎರಡನೇ ಮಹಾಯುದ್ಧದ ‘ಸ್ಟಾರ್‌ಫಿಶ್’ ಬಗ್ಗೆ ಚರ್ಚೆ

ಗುಡ್ಡದ_ದಾರಿ (ಚರ್ಚೆ ಶುರು ಮಾಡಿದವರು)

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ದಕ್ಷಿಣಕ್ಕೆ ಮೆಂಡಿಪ್ ಅಂತ ಒಂದು ಬೆಟ್ಟಸಾಲು ಇದೆ. ಅದರಲ್ಲಿ ಬ್ಲ್ಯಾಕ್ ಡೌನ್ ಅನ್ನೋದು ಬೋಳು ಗುಡ್ಡ. ಬರೀ ಪೊದೆ, ಗಾಳಿ, ಕುದುರೆಗಳು. ಯುದ್ಧದ ಕಾಲದಲ್ಲಿ ಅಲ್ಲೊಂದು ಊರು ಇತ್ತು. ಮನೆ ಇಲ್ಲ, ಬೀದಿ ಇಲ್ಲ, ಜನ ಇಲ್ಲ. ರಾತ್ರಿ ಹೊತ್ತು ಆಕಾಶದಿಂದ ನೋಡಿದರೆ ಮಾತ್ರ ಕಾಣುವ ಊರು. ಬ್ರಿಸ್ಟಲ್‌ನ ಟೆಂಪಲ್ ಮೀಡ್ಸ್ ರೈಲು ನಿಲ್ದಾಣದ ದೀಪಗಳನ್ನೇ ಹೋಲುವಂತೆ ಅಲ್ಲಿ ದೀಪ ಜೋಡಿಸಿದ್ದರು. ಜರ್ಮನ್ ವಿಮಾನಗಳು ಬ್ರಿಸ್ಟಲ್ ಅಂದುಕೊಂಡು ಆ ಗುಡ್ಡದ ಮೇಲೆ ಬಾಂಬು ಹಾಕಲಿ ಅನ್ನೋದು ಉದ್ದೇಶ.

ನಾನು ಈ ಊರಿನ ಕಡೆಯೇ ಕೆಲಸದಲ್ಲಿದ್ದೇನೆ. ಈ ವಿಷಯ ಕನ್ನಡದಲ್ಲಿ ಓದಿದ ನೆನಪಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನ ವಾಯು ಇಲಾಖೆ ಕರ್ನಲ್ ಜಾನ್ ಟರ್ನರ್ ಎಂಬ ಎಂಜಿನಿಯರಿಗೆ ಈ ಕೆಲಸ ಕೊಟ್ಟಿತು. ಇಲಾಖೆಗೆ ಬೇರೆ ಹೆಸರೇ ಇಡಲಿಲ್ಲ, ‘ಕರ್ನಲ್ ಟರ್ನರ್ ವಿಭಾಗ’ ಅಂತಲೇ ಕರೆದರು. ಹೆಸರು ನೋಡಿ ಏನು ಕೆಲಸ ಅಂತ ಯಾರಿಗೂ ಗೊತ್ತಾಗಬಾರದು ಅಲ್ವಾ! ಟರ್ನರ್ ಹೋಗಿ ಕೂತದ್ದು ಎಲ್ಲಿ ಗೊತ್ತಾ? ಲಂಡನ್ ಹತ್ತಿರದ ಶೆಪರ್ಟನ್ ಸಿನಿಮಾ ಸ್ಟುಡಿಯೋದಲ್ಲಿ. ಸೆಟ್ ಹಾಕುವ ಬಡಗಿಗಳು, ಪೇಂಟರುಗಳು ಅಲ್ಲೇ ಇದ್ದರು. ಅವರ ಕೈಲಿ ಮರ, ಬಟ್ಟೆಯ ವಿಮಾನಗಳನ್ನು ಮಾಡಿಸಿದರು.

ಮೊದಲು ಮಾಡಿದ್ದು ಹಗಲಿನ ಸುಳ್ಳು ವಿಮಾನ ನಿಲ್ದಾಣ. ಅಷ್ಟು ಫಲ ಕೊಡಲಿಲ್ಲ. ಹಗಲಲ್ಲಿ ಫೋಟೋ ತೆಗೆಯುವ ವಿಮಾನ ಬಂದರೆ ಗುಟ್ಟು ಬಯಲು. ರಾತ್ರಿಯ ನಿಲ್ದಾಣ ಮಾತ್ರ ಚೆನ್ನಾಗಿ ನಡೆಯಿತು. ಹೊಲದಲ್ಲಿ ರನ್‌ವೇ ಥರ ದೀಪದ ಸಾಲು, ವಿಮಾನ ಓಡಾಡುತ್ತಿದೆ ಅನ್ನಿಸುವಂತೆ ಒಂದು ಹೆಡ್‌ಲೈಟು, ನೋಡಿಕೊಳ್ಳಲು ಇಬ್ಬರು ಸೈನಿಕರು. ಶತ್ರು ವಿಮಾನದ ಸದ್ದು ಹತ್ತಿರವಾದ ಮೇಲೆ ದೀಪ ಆರಿಸಬೇಕು, ಆದರೆ ಸ್ವಲ್ಪ ತಡವಾಗಿ. ‘ಅಯ್ಯೋ, ನೋಡಿಬಿಟ್ಟರು’ ಅಂತ ಗಾಬರಿಯಿಂದ ಆರಿಸಿದ ಹಾಗೆ ಕಾಣಬೇಕು.

ನನ್ನ ಮಟ್ಟಿಗೆ ಇಡೀ ವಿದ್ಯೆಯ ಮರ್ಮ ಇದರಲ್ಲೇ ಇದೆ. ಅವರು ಬರೀ ಊರನ್ನು ನಕಲು ಮಾಡಲಿಲ್ಲ. ಅಡಗಿಕೊಳ್ಳಲು ಹೋಗಿ ಸರಿಯಾಗಿ ಅಡಗದ ಊರನ್ನು ನಕಲು ಮಾಡಿದರು. ಆಗ ದೇಶವೆಲ್ಲ ಬ್ಲ್ಯಾಕ್‌ಔಟ್. ಝಗಮಗಿಸುವ ಊರು ಕಂಡರೆ ಯಾವ ಪೈಲಟ್ಟೂ ನಂಬುವುದಿಲ್ಲ. ಅದಕ್ಕೇ ಇವರು ಪರದೆ ಸರಿಯಾಗಿ ಎಳೆಯದ ಕಿಟಕಿ, ಮುಚ್ಚಲು ಮರೆತ ಬಾಗಿಲು, ಟ್ರಾಮ್ ತಂತಿಯ ಕಿಡಿ, ರೈಲು ಎಂಜಿನ್ನಿನ ಒಲೆಯ ಕೆಂಪು, ಇಂಥ ಸಣ್ಣ ಸಣ್ಣ ತಪ್ಪುಗಳನ್ನೇ ಬೆಳಕಿನಲ್ಲಿ ಕಟ್ಟಿದರು.

ಕರೆಂಟ್_ಕೆಲಸ

ಅದ್ಭುತ ಸರ್. ಒಂದು ಪ್ರಶ್ನೆ. ದೀಪ ಸರಿ. ಆದರೆ ಶೀರ್ಷಿಕೆಯಲ್ಲಿ ಸ್ಟಾರ್‌ಫಿಶ್ ಅಂದಿದ್ದೀರಿ. ಅದು ಬೆಂಕಿಗೆ ಸಂಬಂಧಿಸಿದ್ದು ಅಂತ ಎಲ್ಲೋ ಓದಿದ್ದೆ. ಬೆಂಕಿ ಯಾಕೆ ಬೇಕಾಯಿತು? ಅಷ್ಟು ದೊಡ್ಡ ಬೆಂಕಿಯನ್ನು ಹೊಲದಲ್ಲಿ ಹಚ್ಚಿದ್ದಾದರೂ ಹೇಗೆ? ನಾನು ಎಲೆಕ್ಟ್ರಿಕಲ್‌ನವನು, ವೈರಿಂಗ್ ಕತೆ ಇದ್ದರೆ ಬಿಡಿಸಿ ಹೇಳಿ.

ಗುಡ್ಡದ_ದಾರಿ

ಬೆಂಕಿಯ ಕತೆ ಕೊವೆಂಟ್ರಿಯಿಂದ ಶುರುವಾಗುತ್ತದೆ.

1940ರ ನವೆಂಬರ್ 14. ಬೆಳದಿಂಗಳ ರಾತ್ರಿ. ಸುಮಾರು 500 ಜರ್ಮನ್ ಬಾಂಬರುಗಳು ಕೊವೆಂಟ್ರಿ ನಗರದ ಮೇಲೆ ಬಂದವು. ಬೆಳಗಾಗುವ ಹೊತ್ತಿಗೆ ಊರಿನ ನಡುಭಾಗ ಬೂದಿ, 550ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ದಾಳಿ ನಡೆದ ರೀತಿ ನೋಡಿ. ರೇಡಿಯೋ ಅಲೆಗಳ ಜಾಡು ಹಿಡಿದು ಗುರಿ ಹುಡುಕುವ ಉಪಕರಣ ಎಲ್ಲ ವಿಮಾನಗಳಲ್ಲೂ ಇರಲಿಲ್ಲ. ಕೆ.ಜಿ.ಆರ್. 100 ಎಂಬ ಒಂದು ತಂಡ ಆ ಉಪಕರಣದ ಜೊತೆ ಮೊದಲು ಬಂದು ಬೆಂಕಿಬಾಂಬು ಸುರಿಯುತ್ತಿತ್ತು. ಹಿಂದೆ ಬರುವ ನೂರಾರು ವಿಮಾನಗಳು ಆ ಬೆಂಕಿ ನೋಡಿಕೊಂಡು ಬಾಂಬು ಹಾಕುತ್ತಿದ್ದವು.

ಅಂದರೆ ಹಿಂದೆ ಬರುವವರಿಗೆ ಊರು ಬೇಕಾಗಿಲ್ಲ, ಬೆಂಕಿ ಕಂಡರೆ ಸಾಕು. ಹಾಗಿದ್ದರೆ ಬೆಂಕಿಯನ್ನು ಬೇರೆ ಕಡೆ ತೋರಿಸೋಣ ಅಂತ ಟರ್ನರ್ ತಂಡ ಹೊರಟಿತು. ಈ ‘ವಿಶೇಷ ಬೆಂಕಿ’ ನೆಲೆಗಳಿಗೆ ಎಸ್.ಎಫ್. ಅಂತ ಸಂಕೇತ. ಅದೇ ಎರಡು ಅಕ್ಷರದಿಂದ ಸ್ಟಾರ್‌ಫಿಶ್ ಅನ್ನೋ ಹೆಸರು ಬಂತು. ಕೊವೆಂಟ್ರಿ ಸುಟ್ಟು ಮೂರು ವಾರ ಆಗುವ ಮುಂಚೆಯೇ, ಡಿಸೆಂಬರಿನ ಶುರುವಿನಲ್ಲಿ, ಬ್ರಿಸ್ಟಲ್ ಹತ್ತಿರ ಮೊದಲ ಸ್ಟಾರ್‌ಫಿಶ್ ಬೆಂಕಿ ಹೊತ್ತಿತು. ಬಾಂಬುಗಳೂ ಬಿದ್ದವು.

ಈಗ ನಿಮ್ಮ ವೈರಿಂಗ್ ವಿಷಯ. ಬೆಂಕಿಯಲ್ಲಿ ಹಲವು ಬಗೆ ಮಾಡಿದ್ದರು, ಯಾಕಂದರೆ ಉರಿಯುವ ಊರಿನಲ್ಲಿ ಎಲ್ಲ ಕಟ್ಟಡವೂ ಒಂದೇ ಥರ ಉರಿಯುವುದಿಲ್ಲ. ಒಂದು, ತಂತಿ ಬುಟ್ಟಿಗಳು. ಕ್ರಿಯೋಸೋಟ್ ಎಣ್ಣೆಯಲ್ಲಿ ನೆನೆಸಿದ ಮರದ ಚಕ್ಕೆ ತುಂಬಿದ್ದು. ಇವು ಬೇಗ ಹತ್ತಿ ಭಗ್ಗನೆ ಉರಿಯುತ್ತವೆ. ಇನ್ನೊಂದು, ಕಲ್ಲಿದ್ದಲಿನ ರಾಶಿಗೆ ಎಣ್ಣೆ ಬಿಟ್ಟು ಉರಿಸುವುದು. ನಿಧಾನ, ಕೆಂಪಗೆ, ಬಹಳ ಹೊತ್ತು. ಸೀಮೆಎಣ್ಣೆಯದು ಬೇರೆಯೇ ಇತ್ತು.

ಎಲ್ಲಕ್ಕಿಂತ ಚತುರವಾದದ್ದು ಎಣ್ಣೆ-ನೀರಿನದು. ಎತ್ತರದಲ್ಲಿ ಎರಡು ಟ್ಯಾಂಕ್, ಒಂದರಲ್ಲಿ ಎಣ್ಣೆ, ಇನ್ನೊಂದರಲ್ಲಿ ನೀರು. ಕೆಳಗೆ ಕಾದು ಕೆಂಪಾದ ಕಬ್ಬಿಣದ ತಟ್ಟೆ. ಮೊದಲು ಎಣ್ಣೆ ಬಿಡುತ್ತಾರೆ, ಅದು ಕುದಿದು ಉರಿಯುತ್ತದೆ. ಆಮೇಲೆ ಒಮ್ಮೆಲೇ ನೀರು ಬಿಡುತ್ತಾರೆ. ಕಾದ ಬಾಣಲೆಯ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಅಂತ ಅಡುಗೆ ಮಾಡುವವರಿಗೆಲ್ಲ ಗೊತ್ತು. ಇಲ್ಲಿ ಆ ಜ್ವಾಲೆ 40 ಅಡಿ ಮೇಲಕ್ಕೆ ಏಳುತ್ತಿತ್ತು. ಮತ್ತೆ ಎಣ್ಣೆ, ಮತ್ತೆ ನೀರು. ಆಕಾಶದಿಂದ ನೋಡಿದರೆ ಕಟ್ಟಡ ಕುಸಿದು ಬೆಂಕಿ ಎದ್ದ ಹಾಗೆಯೇ.

ಇದನ್ನೆಲ್ಲ ಹತ್ತಿಸುವುದು ಕರೆಂಟಿನಿಂದ. ಕೆಲವು ನೂರು ಗಜ ದೂರದಲ್ಲಿ ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ಮೇಲೆ ಮಣ್ಣು ಹೇರಿದ ಒಂದು ಬಂಕರ್. ಒಳಗೆ ಸ್ವಿಚ್‌ಗಳು, ಟೆಲಿಫೋನ್. ಹೊತ್ತು ನೋಡಿ ಹಚ್ಚುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಬೇಗ ಹಚ್ಚಿದರೆ, ಮುಂದೆ ಬಂದ ವಿಮಾನಗಳಿಗೆ ‘ನಾವು ಬಾಂಬೇ ಹಾಕಿಲ್ಲ, ಬೆಂಕಿ ಎಲ್ಲಿಂದ ಬಂತು’ ಅಂತ ಅನುಮಾನ. ತಡವಾದರೆ ಅಷ್ಟರಲ್ಲಿ ನಿಜವಾದ ಊರೇ ಉರಿದು ಎಲ್ಲರಿಗೂ ಕಾಣುತ್ತಿರುತ್ತದೆ. ಊರಿನಲ್ಲಿ ಅಗ್ನಿಶಾಮಕದವರು ಮೊದಲ ಬೆಂಕಿ ಆರಿಸುತ್ತಿರಬೇಕು, ಅದೇ ಹೊತ್ತಿಗೆ ಇಲ್ಲಿ ಬಯಲಲ್ಲಿ ಬೆಂಕಿ ಏಳಬೇಕು. ಊರಿನ ಬೆಂಕಿ ಆರಿಸುವುದು ತಡವಾದರೆ ಸ್ಟಾರ್‌ಫಿಶ್ ಹಚ್ಚಿಯೂ ಪ್ರಯೋಜನವಿಲ್ಲ.

ಶಾಲೆ_ಮೇಷ್ಟ್ರು

ಇದಕ್ಕೂ ಮುಂಚಿನ ಕತೆ ಒಂದಿದೆ, ಸೇರಿಸುತ್ತೇನೆ. ಮೊದಲ ಮಹಾಯುದ್ಧದಲ್ಲೇ ಫ್ರಾನ್ಸ್‌ನವರು ಸುಳ್ಳು ಪ್ಯಾರಿಸ್ ಕಟ್ಟಲು ಹೊರಟಿದ್ದರು. ಒಂದಲ್ಲ, ನಗರದ ಹೊರಗೆ ಮೂರು ಕಡೆ ಯೋಜನೆ. ವಾಯವ್ಯದಲ್ಲಿ ಸೇನ್ ನದಿ ಪ್ಯಾರಿಸ್‌ನಲ್ಲಿ ಬಳಸುವ ಹಾಗೆಯೇ ಬಳಸುವ ಒಂದು ಜಾಗ ಇದೆ, ಮೇಜೋಂ ಲಫೀತ್ ಅಂತ. ರಾತ್ರಿ ಪೈಲಟ್ಟಿಗೆ ನದಿಯೇ ದಾರಿ ತೋರಿಸುವುದು. ನದಿಯ ತಿರುವು ಒಂದೇ ಥರ ಇದ್ದರೆ ಮೋಸ ಮಾಡುವುದು ಸುಲಭ. ಈಶಾನ್ಯದಲ್ಲಿ ಸುಳ್ಳು ರೈಲು ನಿಲ್ದಾಣ, ಪೂರ್ವದಲ್ಲಿ ಸುಳ್ಳು ಕಾರ್ಖಾನೆಗಳು.

ದೀಪದ ಕೆಲಸ ಮಾಡಿದವರು ಫೆರ್ನಾಂದ್ ಜಾಕೊಪೊಜ್ಜಿ, ಇಟಲಿ ಮೂಲದ ಎಂಜಿನಿಯರ್. ಕಾರ್ಖಾನೆಯ ಮಾಸಿದ ಗಾಜಿನ ಚಾವಣಿ ಬೇಕಾದ ಕಡೆ ಬಣ್ಣ ಬಳಿದ ಬಟ್ಟೆ ಬಿಗಿದು ಒಳಗೆ ದೀಪ ಇಟ್ಟರು. ರೈಲು ಹೊರಡುತ್ತಿದೆ ಅನ್ನಿಸಲು ದೀಪಗಳನ್ನು ಒಂದರ ಹಿಂದೆ ಒಂದು ಹತ್ತಿಸಿ ಆರಿಸುವ ವ್ಯವಸ್ಥೆ. ಆದರೆ ಕೆಲಸ ಪೂರ್ತಿ ಆಗುವ ಮೊದಲೇ, 1918ರಲ್ಲಿ ಯುದ್ಧ ಮುಗಿಯಿತು. ಒಂದು ದಾಳಿಯಲ್ಲೂ ಪರೀಕ್ಷೆ ಆಗಲಿಲ್ಲ. ಇದೇ ಜಾಕೊಪೊಜ್ಜಿ 1925ರಲ್ಲಿ ಐಫೆಲ್ ಗೋಪುರಕ್ಕೆ ಸಿಟ್ರೊಯೆನ್ ಕಾರು ಕಂಪನಿಯ ದೀಪದ ಜಾಹೀರಾತು ಹಾಕಿ ಹೆಸರಾದರು.

ಓದುಗ_ಹಾಸನ

ಇದರ ಬಗ್ಗೆ ಒಂದು ಕತೆ ಕೇಳಿದ್ದೇನೆ. ಜರ್ಮನ್ನರು ಮರದಲ್ಲಿ ಸುಳ್ಳು ವಿಮಾನ ನಿಲ್ದಾಣ ಮಾಡಿದರಂತೆ. ಬ್ರಿಟಿಷರು ಒಂದೇ ವಿಮಾನದಲ್ಲಿ ಬಂದು ಒಂದು ಮರದ ಬಾಂಬು ಹಾಕಿ ಹೋದರಂತೆ. ನಿಜಾನಾ?

ಶಾಲೆ_ಮೇಷ್ಟ್ರು

ಯುದ್ಧ ನಡೆಯುತ್ತಿದ್ದಾಗಲೇ ಓಡಾಡಿದ ಕತೆ ಅದು. ಒಮ್ಮೆ ಜರ್ಮನಿಯಲ್ಲಿ, ಒಮ್ಮೆ ಹಾಲೆಂಡಿನಲ್ಲಿ, ಒಮ್ಮೆ ಫ್ರಾನ್ಸ್‌ನಲ್ಲಿ ನಡೆಯಿತು ಅಂತಾರೆ. ಕೇಳೋಕೆ ಚೆಂದ. ಆದರೆ ಯೋಚಿಸಿ ನೋಡಿ. ಶತ್ರು ಒಂದು ಸುಳ್ಳು ನೆಲೆಗೆ ಹಣ, ಜನ, ಸಮಯ ಹಾಕುತ್ತಿದ್ದಾನೆ ಅಂತ ನಿಮಗೆ ಗೊತ್ತಾಯಿತು. ಅದನ್ನು ಅವನಿಗೆ ಹೇಳಿಬರುತ್ತೀರಾ? ಸುಮ್ನೆ ಇದ್ದರೆ ಅವನು ಇನ್ನಷ್ಟು ಹಣ ಹಾಕುತ್ತಾನೆ. ನಾನಂತೂ ತರಗತಿಯಲ್ಲಿ ಇದನ್ನು ನಡೆದದ್ದು ಅಂತ ಹೇಳುವುದಿಲ್ಲ.

ಮಲೆನಾಡ_ಮಗಳು

ಎಲ್ಲರೂ ಬುದ್ಧಿವಂತಿಕೆಯನ್ನು ಹೊಗಳುತ್ತಿದ್ದೀರಿ, ನನಗೂ ಓದಿ ಖುಷಿಯಾಯಿತು. ಆದರೆ ಒಂದು ಮಾತು ಮನಸ್ಸಿಗೆ ಚುಚ್ಚುತ್ತಿದೆ. ಬಾಂಬು ಮಾಯವಾಗಲಿಲ್ಲ ಅಲ್ವಾ? ಬೇರೆ ಕಡೆ ಬಿತ್ತು. ‘ಬಯಲು’ ಅಂತ ನೀವು ಬರೆದ ಜಾಗದಲ್ಲಿ ಯಾರೂ ಇರಲಿಲ್ವಾ? ಹೊಲ ಅಂದಮೇಲೆ ಹೊಲದವರು ಇರುತ್ತಾರೆ. ಹಟ್ಟಿ, ದನ, ಒಂಟಿ ಮನೆ ಇರುತ್ತವೆ. ಅವರನ್ನು ಯಾರಾದರೂ ಕೇಳಿದರಾ? ನಮ್ಮ ಕಡೆ ಅಣೆಕಟ್ಟಿಗೆ ಊರು ಮುಳುಗಿಸುವಾಗ ‘ದೊಡ್ಡ ಒಳಿತಿಗೆ’ ಅಂದದ್ದನ್ನು ಕೇಳಿ ಬೆಳೆದವಳು ನಾನು. ಹಾಗಾಗಿ ಕೇಳುತ್ತಿದ್ದೇನೆ.

ಗುಡ್ಡದ_ದಾರಿ

ಮೇಡಂ, ಈ ಚರ್ಚೆಯಲ್ಲಿ ಯಾರಾದರೂ ಇದನ್ನು ಕೇಳಲಿ ಅಂತಲೇ ಕಾಯುತ್ತಿದ್ದೆ.

ನಿಯಮ ಇತ್ತು. ಸ್ಟಾರ್‌ಫಿಶ್ ಬೆಂಕಿಯ ಹತ್ತಿರ ಮನೆಗಳು ಇರಬಾರದು, ಇಂತಿಷ್ಟು ದೂರ ಬಿಡಬೇಕು ಅಂತ. ಆದರೆ 15 ಸಾವಿರ ಅಡಿ ಮೇಲಿಂದ, ರಾತ್ರಿ ಹೊತ್ತು ಬಿಡುವ ಬಾಂಬಿಗೆ ಆ ಅಳತೆ ಯಾವ ಲೆಕ್ಕ? ಊರವರಿಗೆ ಪೂರ್ತಿ ವಿಷಯ ಹೇಳುವ ಹಾಗೂ ಇರಲಿಲ್ಲ. ಬಾಯಿಂದ ಬಾಯಿಗೆ ಹರಡಿದರೆ ಶತ್ರುವಿಗೂ ಗೊತ್ತಾಗುತ್ತದೆ.

ಹೇಲಿಂಗ್ ದ್ವೀಪದ ಉದಾಹರಣೆ ಕೊಡುತ್ತೇನೆ. ಪೋರ್ಟ್ಸ್‌ಮತ್ ನೌಕಾನೆಲೆಯ ಪಕ್ಕದ ಸಣ್ಣ ದ್ವೀಪ ಅದು. 1941ರ ಏಪ್ರಿಲ್ 17ರ ರಾತ್ರಿ ಪೋರ್ಟ್ಸ್‌ಮತ್ ಮೇಲೆ ದೊಡ್ಡ ದಾಳಿ ಬಂತು. ಹೇಲಿಂಗ್‌ನ ಸ್ಟಾರ್‌ಫಿಶ್ ಹಚ್ಚಿದರು. ಆ ರಾತ್ರಿಯ ಹೆಚ್ಚಿನ ಬಾಂಬುಗಳು ಪೋರ್ಟ್ಸ್‌ಮತ್ ಬಿಟ್ಟು ಅಲ್ಲಿಗೆ ಹೋದವು. ಸರ್ಕಾರದ ಲೆಕ್ಕದಲ್ಲಿ ಇದು ಸ್ಟಾರ್‌ಫಿಶ್‌ನ ದೊಡ್ಡ ಗೆಲುವುಗಳಲ್ಲಿ ಒಂದು. ಆದರೆ ಹೇಲಿಂಗ್ ಖಾಲಿ ಜಾಗ ಅಲ್ಲ, ಜನ ಇರುವ ದ್ವೀಪ. ಅಲ್ಲಿ ಮನೆಗಳು ಬಿದ್ದವು. ಸೈನಾ ಕಾಮನ್ ಎಂಬ ಜಾಗದಲ್ಲಿ ವಿಮಾನ ಹೊಡೆಯುವ ತೋಪುಗಳ ಪಡೆ ಇತ್ತು. ಅಲ್ಲಿನ ಸೈನಿಕರು ಸತ್ತರು. ಅವರ ನೆನಪಿಗೆ ಅಲ್ಲಿ ಕಲ್ಲು ನೆಟ್ಟಿದ್ದಾರೆ.

ಇನ್ನೊಂದು, 1941ರ ಮೇ 8ರ ರಾತ್ರಿ. ಡರ್ಬಿಯ ರೋಲ್ಸ್ ರಾಯ್ಸ್ ಕಾರ್ಖಾನೆಗೆ ಗುರಿ ಇಟ್ಟ ದಾಳಿ, ಜೊತೆಗೆ ನಾಟಿಂಗ್‌ಹ್ಯಾಮ್ ಮೇಲೂ ದಾಳಿ. ರೇಡಿಯೋ ಜಾಡು ಕೆಡಿಸಿದ್ದು, ಸುಳ್ಳು ಬೆಂಕಿ, ಎಲ್ಲ ಸೇರಿ ವಿಮಾನಗಳು ದಾರಿ ತಪ್ಪಿದವು. ನೂರಾರು ಬಾಂಬು ಹೊಲದಲ್ಲಿ ಬಿದ್ದವು, ಅಲ್ಲಿ ಸತ್ತದ್ದು ಎರಡು ಕೋಳಿ ಮಾತ್ರ ಅಂತ ಚರ್ಚಿಲ್ ಬರೆದರು. ಈ ಕೋಳಿಯ ಮಾತನ್ನು ಎಲ್ಲರೂ ಹೇಳುತ್ತಾರೆ. ಅದೇ ರಾತ್ರಿ ನಾಟಿಂಗ್‌ಹ್ಯಾಮ್ ನಗರದಲ್ಲಿ 150ಕ್ಕೂ ಹೆಚ್ಚು ಜನ ಸತ್ತರು ಅನ್ನೋದನ್ನು ಅದರ ಜೊತೆ ಹೇಳುವವರು ಕಡಿಮೆ. ಎರಡನ್ನೂ ಒಟ್ಟಿಗೇ ಹೇಳಬೇಕು.

ನಿಮ್ಮ ಪ್ರಶ್ನೆ ಆ ಕಾಲದ ಮಂತ್ರಿಗಳ ನಡುವೆಯೂ ಎದ್ದಿತ್ತು, ಸ್ವಲ್ಪ ಬೇರೆ ವಿಷಯದಲ್ಲಿ. 1944ರ ಜೂನ್‌ನಿಂದ ಲಂಡನ್ ಮೇಲೆ ವಿ-1 ಹಾರುವ ಬಾಂಬುಗಳು ಬರತೊಡಗಿದವು. ಅವು ನಗರದ ನಡುಭಾಗ ಮುಟ್ಟದೆ ಆಗ್ನೇಯಕ್ಕೇ ಬೀಳುತ್ತಿದ್ದವು. ಬ್ರಿಟನ್ನಿನ ಕೈಯಲ್ಲಿದ್ದ ಇಬ್ಬಗೆ ಗೂಢಚಾರರ ಮೂಲಕ ‘ಬಾಂಬು ವಾಯವ್ಯಕ್ಕೆ ದಾಟಿ ಹೋಗುತ್ತಿದೆ’ ಅಂತ ಜರ್ಮನ್ನರಿಗೆ ಸುಳ್ಳು ವರದಿ ಕಳಿಸುವುದು ಯೋಜನೆ. ಅವರು ದೂರ ಇನ್ನೂ ಕಡಿಮೆ ಮಾಡಿದರೆ ಲಂಡನ್ನಿನ ಕಿಕ್ಕಿರಿದ ನಡುಭಾಗ ಉಳಿಯುತ್ತದೆ. ಆದರೆ ದಕ್ಷಿಣದ ಬಡಾವಣೆಗಳಿಗೆ ಏಟು ಜಾಸ್ತಿ. ಯಾರು ಸಾಯಬೇಕು ಅಂತ ನಿರ್ಧರಿಸಲು ನಾವು ಯಾರು ಅಂತ ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ವಿರೋಧಿಸಿದರು. ಆದರೂ ಸುಳ್ಳು ವರದಿ ಹೋಯಿತು. ವಿ-1 ಅತಿ ಹೆಚ್ಚು ಬಿದ್ದದ್ದು ದಕ್ಷಿಣದ ಕ್ರಾಯ್ಡನ್ ಮೇಲೆ. ಯೋಜನೆಯನ್ನು ಬೆಂಬಲಿಸಿದ ವಿಜ್ಞಾನಿ ಆರ್. ವಿ. ಜೋನ್ಸ್ ಅವರ ತಂದೆ-ತಾಯಿ ಇದ್ದದ್ದೂ ದಕ್ಷಿಣ ಲಂಡನ್ನಿನಲ್ಲೇ.

ನನ್ನ ಅಭಿಪ್ರಾಯ ಕೇಳಿದರೆ, ಸ್ಟಾರ್‌ಫಿಶ್ ಕಟ್ಟಿದ್ದು ಸರಿ. ಸಾವಿರ ಮನೆ ಇರುವ ಕಡೆ ಬೀಳುವುದನ್ನು ಹತ್ತು ಮನೆ ಇರುವ ಕಡೆ ಬೀಳಿಸುವುದಕ್ಕೆ ನಾನೂ ಒಪ್ಪುತ್ತಿದ್ದೆ. ಆದರೆ ಆ ಹತ್ತು ಮನೆಯವರಿಗೆ ಯುದ್ಧ ಮುಗಿದ ಮೇಲಾದರೂ ‘ನಿಮ್ಮಿಂದ ಇವರು ಉಳಿದರು’ ಅಂತ ಹೇಳಬೇಕಿತ್ತು. ಗುಟ್ಟು ಗುಟ್ಟಾಗಿಯೇ ಬಹಳ ವರ್ಷ ಉಳಿಯಿತು. ಅದು ಅನ್ಯಾಯ.

ನೆಕ್ಕರ್_ದಂಡೆ

ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿಯೂ ಇದೇ ಕತೆ, ತಲೆಕೆಳಗಾಗಿ. ಸ್ಟುಟ್‌ಗಾರ್ಟ್ ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ರಾತ್ರಿ ಮೇಲಿಂದ ಹುಡುಕುವುದು ಮೊದಲೇ ಕಷ್ಟ. ಉತ್ತರಕ್ಕೆ ಲಾಫೆನ್ ಅಂತ ನೆಕ್ಕರ್ ನದಿಯ ತಿರುವಿನಲ್ಲಿ ಒಂದು ಸಣ್ಣ ಊರು. ಅದರ ಪಕ್ಕ 1940ರಲ್ಲಿ ಸ್ಟುಟ್‌ಗಾರ್ಟ್‌ನ ಮುಖ್ಯ ರೈಲು ನಿಲ್ದಾಣವನ್ನು ಹೋಲುವ ದೀಪ, ಹಳಿಗಳ ನೆಲೆ ಕಟ್ಟಿದರು. ಅದರ ಗುಟ್ಟಿನ ಹೆಸರು ‘ಬ್ರೆಜಿಲ್’. ಬ್ರಿಟಿಷ್ ವಿಮಾನಗಳು ಮತ್ತೆ ಮತ್ತೆ ಮೋಸ ಹೋದವು. ಬಾಂಬು ತಿಂದದ್ದು ಲಾಫೆನ್ ಮತ್ತು ಸುತ್ತಲಿನ ಹಳ್ಳಿಗಳು. ದ್ರಾಕ್ಷಿ ತೋಟದವರು ಅವರು, ರೈಲು ನಿಲ್ದಾಣದ ಪಾಲಿನ ಬಾಂಬು ಅವರ ಪಾಲಿಗೆ ಬಂತು.

ಎಸ್ಸೆನ್‌ನ ಕ್ರುಪ್ ಉಕ್ಕಿನ ಕಾರ್ಖಾನೆಗೂ ವೆಲ್ಬರ್ಟ್ ಹತ್ತಿರ ಒಂದು ನಕಲು ಇತ್ತು. ಹ್ಯಾಂಬರ್ಗ್‌ನಲ್ಲಿ ನಗರದ ನಡುವಿನ ಕೆರೆಯನ್ನೇ ಮುಚ್ಚಿ, ಸ್ವಲ್ಪ ಆಚೆಗೆ ಸುಳ್ಳು ಸೇತುವೆ ಕಟ್ಟಿದರು. 1943ರ ಮಾರ್ಚಿನಲ್ಲಿ ‘ಓಬೋ’ ಎಂಬ ರೇಡಿಯೋ ವ್ಯವಸ್ಥೆ ಹಿಡಿದು ಬ್ರಿಟಿಷರು ಎಸ್ಸೆನ್‌ಗೆ ಬಂದರು. ದಾರಿ ತೋರುವ ವಿಮಾನಕ್ಕೆ ಕಣ್ಣಿನಿಂದ ನೋಡುವ ಅಗತ್ಯವೇ ಇರಲಿಲ್ಲ. ಅಲ್ಲಿಂದ ವೆಲ್ಬರ್ಟ್‌ನ ನಕಲಿನ ಆಟ ಮುಗಿಯುತ್ತಾ ಬಂತು.

ಬಸವನಗುಡಿ_ಅಜ್ಜ

ಮಕ್ಕಳೇ, ಚೆನ್ನಾಗಿ ಬರೆದಿದ್ದೀರಿ. 1971ರ ಡಿಸೆಂಬರಿನಲ್ಲಿ ನಾನು ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದೆ. ಕಿಟಕಿ ಗಾಜಿಗೆ ಕಂದು ಕಾಗದ ಅಂಟಿಸಿದ್ದೆವು. ಕಾರಿನ ಹೆಡ್‌ಲೈಟಿಗೆ ಮೇಲರ್ಧ ಕಪ್ಪು ಬಣ್ಣ. ನಮ್ಮಪ್ಪ ಹೇಳುತ್ತಿದ್ದರು, 1942ರ ಏಪ್ರಿಲ್‌ನಲ್ಲಿ ಜಪಾನಿಗಳು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದಾಗ ಮದ್ರಾಸಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ರೈಲು ಹತ್ತಿದರಂತೆ. ಇಲ್ಲಿ ಎಚ್‌ಎಎಲ್ ಕಾರ್ಖಾನೆ ಆಗಷ್ಟೇ ಶುರುವಾಗಿತ್ತು, ಮುಂದೆ ಅಮೆರಿಕದ ವಿಮಾನಗಳ ರಿಪೇರಿಯೂ ಅಲ್ಲೇ ನಡೆಯಿತು.

ತಾಜ್‌ಮಹಲಿಗೂ ಮುಸುಕು ಹಾಕಿದ್ದರು. 1942ರಲ್ಲಿ ಗುಮ್ಮಟದ ಸುತ್ತ ಬಿದಿರಿನ ಅಟ್ಟಣಿಗೆ, 1971ರಲ್ಲಿ ಹಸಿರು ಬಟ್ಟೆ. ಅದು ಮುಚ್ಚುವ ಕೆಲಸ, ನೀವು ಹೇಳುತ್ತಿರುವುದು ತೋರಿಸುವ ಕೆಲಸ. ಎರಡೂ ಶತ್ರುವಿನ ಕಣ್ಣಿಗೆ ಮಾಡಿದ್ದೇ.

ಕರೆಂಟ್_ಕೆಲಸ

ಅಜ್ಜ, ಮುಚ್ಚುವುದು ಅಂದಾಗ ನೆನಪಾಯಿತು. ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ಕಾರ್ಖಾನೆಯ ಚಾವಣಿ ಮೇಲೆ ಇಡೀ ಬಡಾವಣೆಯನ್ನೇ ಕಟ್ಟಿದ್ದರು. ಹಾಲಿವುಡ್‌ನಲ್ಲಿ ಸೆಟ್ ಹಾಕುತ್ತಿದ್ದ ಜಾನ್ ಡೆಟ್ಲಿ ಅವರ ಕೆಲಸ. ಗೋಣಿಬಟ್ಟೆ, ತಂತಿ ಬಲೆ, ಹಲಗೆಯ ಮನೆಗಳು, ಗಿಡಮರ. ಕೆಳಗೆ ಬಿ-17 ಬಾಂಬರ್ ತಯಾರಿ. ಅಲ್ಲಿ ಬಾಂಬು ಬೀಳಲೇ ಇಲ್ಲ.

ಗುಡ್ಡದ ದಾರಿ ಸರ್‌ಗೆ ಕೊನೆಯ ಪ್ರಶ್ನೆ. ಇಷ್ಟೆಲ್ಲ ಖರ್ಚಿಗೆ ಫಲ ಎಷ್ಟು? ಜರ್ಮನ್ನರಿಗೆ ಗೊತ್ತಾಗಲೇ ಇಲ್ವಾ?

ಗುಡ್ಡದ_ದಾರಿ

ಗೊತ್ತಿತ್ತು. ಇಂಥ ನೆಲೆಗಳು ಇವೆ ಅಂತ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟಿದ್ದರು. ಆದರೆ ‘ಕೆಳಗೆ ಕಾಣುವುದು ಸುಳ್ಳಿರಬಹುದು’ ಅಂತ ಗೊತ್ತಿರುವುದು ಬೇರೆ, ಮೋಡದ ನಡುವೆ, ಸುತ್ತ ತೋಪು ಸಿಡಿಯುವಾಗ ‘ಇದೇ ಸುಳ್ಳು’ ಅಂತ ಹೇಳುವುದು ಬೇರೆ. ಆಮೇಲೆ ನಿಜವಾದ ಬೆಂಕಿಯನ್ನೂ ಅನುಮಾನಿಸಬೇಕಾಗುತ್ತದೆ. ಅದೂ ಒಂದು ಲಾಭವೇ. ತಿಳಿ ಆಕಾಶದ ಬೆಳದಿಂಗಳಲ್ಲಿ ಮಾತ್ರ ಈ ಆಟ ನಡೆಯುವುದು ಕಷ್ಟ, ಆಗ ನದಿ, ರಸ್ತೆ ಎಲ್ಲ ಕಾಣುತ್ತವೆ.

ಲೆಕ್ಕ ಹೀಗಿದೆ. ಕೊನೆಗೆ 200ಕ್ಕೂ ಹೆಚ್ಚು ಸ್ಟಾರ್‌ಫಿಶ್ ನೆಲೆಗಳಾದವು. ಎಲ್ಲ ಬಗೆಯ ಸುಳ್ಳು ನೆಲೆ ಸೇರಿ ಸುಮಾರು 730 ಸಲ ದಾಳಿಗೆ ಸಿಕ್ಕವು. ರಾತ್ರಿ ದಾಳಿಯ ಬಾಂಬುಗಳಲ್ಲಿ ಶೇ 5ರಷ್ಟು ಇವುಗಳ ಪಾಲಾಯಿತು, ಸುಮಾರು 2,500 ಜೀವ ಉಳಿಯಿತು ಅನ್ನೋದು ಅಂದಾಜು. ಶೇ 5 ಕೇಳೋಕೆ ಸಣ್ಣದು. ಬಾಂಬಿಗೆ ಬ್ರಿಟನ್ನಿನಲ್ಲಿ 60,000 ಜನಸಾಮಾನ್ಯರು ಸತ್ತ ಯುದ್ಧ ಅದು. ಆದರೆ ಆ 2,500 ಜನಕ್ಕೆ ತಾವು ಉಳಿದದ್ದೇ ಗೊತ್ತಾಗಲಿಲ್ಲ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋದರು, ಅಷ್ಟೇ. ಬಂಕರಿನಲ್ಲಿ ಕೂತು ತಮ್ಮ ಕಡೆಗೇ ಬಾಂಬು ಕರೆಸಿಕೊಂಡ ಹುಡುಗರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಗೌರವ ಹೆಚ್ಚಾಗುತ್ತದೆ. ಸೈರನ್ ಕೂಗಿದಾಗ ಎಲ್ಲರೂ ಬಾಂಬಿನಿಂದ ದೂರ ಓಡುತ್ತಿದ್ದರು. ಇವರ ಕೆಲಸ ಬಾಂಬು ತಮ್ಮ ಹತ್ತಿರ ಬರುವಂತೆ ಮಾಡುವುದು.

ಮಲೆನಾಡ_ಮಗಳು

ಉತ್ತರಕ್ಕೆ ಧನ್ಯವಾದ. ಪೂರ್ತಿ ಸಮಾಧಾನ ಆಗಿಲ್ಲ. ಹತ್ತು ಮನೆಯವರ ಪರವಾಗಿ ಹತ್ತು ಮನೆಯವರೇ ‘ಹೂಂ’ ಅನ್ನಬೇಕು, ಬೇರೆಯವರಲ್ಲ ಅಂತ ಈಗಲೂ ಅನ್ನಿಸುತ್ತದೆ. ಮಾರಿಸನ್ ಮಾತು ನನಗೆ ಹಿಡಿಸಿತು. ನನ್ನ ತಮ್ಮ ಬ್ರಿಸ್ಟಲ್‌ಗೆ ಓದಲು ಬಂದಿದ್ದಾನೆ. ಬ್ಲ್ಯಾಕ್ ಡೌನ್‌ನಲ್ಲಿ ಈಗ ನೋಡಲು ಏನಾದರೂ ಉಳಿದಿದೆಯಾ? ಹೇಗೆ ಹೋಗಬೇಕು?

ಗುಡ್ಡದ_ದಾರಿ

ಉಳಿದಿದೆ ಮೇಡಂ. ಬರಿಂಗ್ಟನ್ ಕೂಂಬ್ ಕಣಿವೆಯಿಂದ ಗುಡ್ಡ ಹತ್ತಲು ಕಾಲುದಾರಿ ಇದೆ. ತುದಿಯ ಹೆಸರು ಬೀಕನ್ ಬ್ಯಾಚ್, 325 ಮೀಟರ್ ಎತ್ತರ. ಮೇಲೆ ಸಾಲುಸಾಲಾಗಿ ಸಣ್ಣ ದಿಬ್ಬಗಳು ಕಾಣುತ್ತವೆ. ಶತ್ರು ವಿಮಾನ ಬಯಲಲ್ಲಿ ಇಳಿಯದಿರಲಿ ಅಂತ ಯುದ್ಧದಲ್ಲಿ ಮಾಡಿದ್ದು. ಬಂಕರ್ ಪೊದೆಗಳ ನಡುವೆ ಇದೆ, ಹುಡುಕಬೇಕು. ಇದೆಲ್ಲ ಸಂರಕ್ಷಿತ ಸ್ಮಾರಕ, ದಿಬ್ಬಗಳ ಮೇಲೆ ಹತ್ತಬೇಡ, ಕಲ್ಲು ಕೀಳಬೇಡ ಅಂತ ಹೇಳಿ. ಗಾಳಿ ಜೋರು, ಮಂಜು ಯಾವಾಗ ಬೇಕಾದರೂ ಬರುತ್ತದೆ, ಬೆಚ್ಚಗಿನ ಜಾಕೆಟ್ ಇರಲಿ. ನೆಲ ಜವುಗು, ಒಳ್ಳೆ ಬೂಟು ಬೇಕು. ಹೋಗುವ ಮುಂಚೆ ನನಗೆ ಇಲ್ಲೇ ಒಂದು ಮೆಸೇಜ್ ಹಾಕಲಿ, ರಜೆ ದಿನ ಆದರೆ ನಾನೇ ಜೊತೆಗೆ ಬರುತ್ತೇನೆ.